ಕೀಪರ್ ಎಲ್ಲಿ?

ಎಪ್ಪತ್ತರ ದಶಕದಲ್ಲಿ ಮುಂಡರಗಿಯ ಒಂದು ಹೈಸ್ಕೂಲಿಗೆ ವಿಜ್ಞಾನದ ಸಾಮಾನು ತಪಾಸಣೆಗೆ ಹೋಗಿದ್ದೆ. ಅಲ್ಲಿ ಎರಡು ದಂಡಕಾಂತಗಳಿದ್ದವು. ಎರಡೂ ಸೇರಿ ಒಂದು ಗುಂಡುಸೂಜಿಯನ್ನೂ ಎತ್ತಲಿಲ್ಲ.

"ಇವುಗಳ ಕೀಪರ್ ಎಲ್ಲಿ?" ಎಂದು ಗದರಿದೆ.

ಪ್ರಯೋಗಶಾಲೆಯ ಜವಾನ ಮಕ್ತುಮಸಾಬ ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತ. "ನಾನ ರೀ ಸಾಹೇಬ್ರ. ಲ್ಯಾಬ್ ಕೀಪರ್ ಆಗಿ ಹದಿನೆಂಟು ವರ್ಷ ಆತು."

"ನೀನಲ್ಲಪ್ಪಾ! ಕಾಂತಗಳ ತುದಿಗೆ ಅಡ್ಡ ಇಡುವ ಮೆದು ಕಬ್ಬಿಣದ ತುಂಡುಗಳು. ಕಾಂತದೊಳಗೆ ಅಣುಗಳ ಗುಂಪುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತವೆ. ಕೀಪರ್ ಇಲ್ಲದಿದ್ದರೆ ವರ್ಷ ಕಳೆದಂತೆ ಒಂದೊಂದೇ ಮುಖ ತಿರುಗಿಸುತ್ತವೆ, ಶಕ್ತಿ ಹೋಗುತ್ತದೆ."

"ಹೆಡ್‌ಮಾಸ್ತರು ಗದಗಕ್ಕ ಹೋದಾಗ ನಮ್ಮ ಮಾಸ್ತರಗೋಳು ಮಾಡ್ದಂಗ ಅನ್ರಿ."

ನಾನು ನಗಲಿಲ್ಲ. "ಕೀಪರ್ ನಾಪತ್ತೆ, ಶುದ್ಧ ನಿರ್ಲಕ್ಷ್ಯ" ಎಂದು ವರದಿಯಲ್ಲಿ ಬರೆದೆ. ಮಕ್ತುಮಸಾಬ ಬಗ್ಗಿ ಓದಿದ.

"ಸಾಹೇಬ್ರ, ಯಾವ ಕೀಪರ್ ಅಂತ ಬಿಡಿಸಿ ಬರೀರಿ! ನಾ ಇಲ್ಲೆ ಅದೀನ್ರಿ, ನಾಪತ್ತೆ ಅಂದ್ರ ನೌಕರಿ ಹೋಗತೈತಿ. ಆ ತುಂಡು ಒಂದು ಮೊಳಿನೂ ಎಳೀಲಿಲ್ಲಂತ ಬ್ಯಾರೆ ಕೆಲಸಕ್ಕ ಹಚ್ಚೀನ್ರಿ."

ಹಾಗೆಂದವನೇ ನಾನು ಬರೆಯುತ್ತಿದ್ದ ಮೇಜಿನ ಕುಂಟು ಕಾಲಿನ ಕೆಳಗಿಂದ ಎರಡೂ ತುಂಡುಗಳನ್ನು ಎಳೆದು ಕೊಟ್ಟ.

ಪದಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬರೆದದ್ದನ್ನು ಹೊಡೆದುಹಾಕಿ, "ಕೀಪರ್‌ಗಳು ಮೂರೂ ಹಾಜರು" ಎಂದು ತಿದ್ದಿ ಸಹಿ ಹಾಕಿದೆ. ಮೇಜು ಆಗಲೇ ಓಲಾಡುತ್ತಿತ್ತು. ಆ ಸಹಿ ನನ್ನದೇ ಎಂದು ಮೇಲಿನ ಆಫೀಸಿನವರನ್ನು ಒಪ್ಪಿಸಲು ಅರ್ಧ ದಿನ ಹಿಡಿಯಿತು.