ಸ್ವಚ್ಛತಾ ಮಂತ್ರಿಯ ಮೊದಲ ಪೀರಿಯಡ್ಡು

ಕೀರ್ತನಳಿಗೆ ಐದು ತಿಂಗಳ ಕೂಲಿ ಬಾಕಿ ಇದೆ. ಕೊಡಬೇಕಾದವರು ಯಾರೆಂದು ಅವಳ ತಾಯಿ ಮುನಿಗಂಗಮ್ಮನಿಗೆ ಗೊತ್ತಿಲ್ಲ. ಕೇಳಬಹುದೋ ಬಾರದೋ ಅದೂ ಗೊತ್ತಿಲ್ಲ. ಹುಡುಗಿ ಓದುತ್ತಿರುವುದು ಒಂಬತ್ತನೇ ಕ್ಲಾಸು. ಮಾಡಿದ ಕೆಲಸ, ಶಾಲೆಯ ಕಕ್ಕಸು ತೊಳೆದದ್ದು.

ಮುನಿಗಂಗಮ್ಮನ ಮನೆ ತೂಬಗೆರೆಯಿಂದಾಚೆ ಒಂದು ಊರಿನ ಕಾಲೋನಿಯಲ್ಲಿ. ಹತ್ತಿರದಲ್ಲೇ ಏರ್‌ಪೋರ್ಟು ಶುರುವಾಗಿ ಮೂರು ವರ್ಷವಾಗಿತ್ತು. ಅವಳು ಅಲ್ಲಿ ಹೌಸ್‌ಕೀಪಿಂಗಿಗೆ ಸೇರಿದ್ದಳು. ಬೆಳಗಿನ ಜಾವ ಕಂಟ್ರಾಕ್ಟರನ ಟೆಂಪೋ ಹತ್ತಿ ಹೋಗಿ ವಿಮಾನ ಇಳಿದವರ ಕಕ್ಕಸು ತೊಳೆಯುತ್ತಾಳೆ. ಕೈಗೆ ಗ್ಲೌಸು, ಕಾಲಿಗೆ ಬೂಟು, ತಿಂಗಳಿಗೆ ಸಂಬಳ. ಬಿಸಿಲಲ್ಲಿ ಕಳೆ ಕೀಳುವುದಕ್ಕಿಂತ ವಾಸಿ ಎನ್ನುತ್ತಾಳೆ. ನಾಚಿಕೊಳ್ಳುವ ಹೆಂಗಸಲ್ಲ.

ಆ ಜೂನ್‌ನಲ್ಲಿ ಮಗಳು ಓಡಿಬಂದು, "ಅಮ್ಮಾ, ನಾನು ಮಂತ್ರಿ ಆದೆ" ಎಂದಳು. ಶಾಲೆಗಳಲ್ಲಿ ಮಕ್ಕಳ ಮಂತ್ರಿಮಂಡಲ ಮಾಡುತ್ತಾರಲ್ಲ, ಅದು. ಪ್ರಧಾನಿ ಪಟ್ಟ ಊರೊಳಗಿನ ಅಮ್ಮಯಮ್ಮನ ಮಗಳು ನವ್ಯಶ್ರೀಗೆ. ಕೀರ್ತನ ಸ್ವಚ್ಛತಾ ಮಂತ್ರಿ. ಮುನಿಗಂಗಮ್ಮ ಕಾಲೋನಿಗೆಲ್ಲ ಮೈಸೂರುಪಾಕು ಹಂಚಿದಳು. ಗಂಡ ಪಿಳ್ಳಣ್ಣ ಟೀ ಅಂಗಡಿಯಲ್ಲಿ, "ಮಂತ್ರಿಗಳ ಅಪ್ಪ ಬಂದವ್ನೆ, ಬೆಂಚು ಬಿಡ್ರಲಾ" ಎಂದು ವಾರವೆಲ್ಲ ಮೆರೆದ.

ದಸರಾ ರಜೆ ಕಳೆದು ಅಂಕಪಟ್ಟಿ ಬಂತು. ಲೆಕ್ಕದಲ್ಲಿ ನೂರಕ್ಕೆ ಹನ್ನೊಂದು.

"ಹೋದ್ವರ್ಷ ಎಪ್ಪತ್ತು ತಂದೋಳು, ಏನ್ ಬಂತೇ ನಿಂಗೆ?"

"ಲೆಕ್ಕ ಫಸ್ಟ್ ಪೀರಿಯಡ್ಡಮ್ಮ. ಆವಾಗ ನಾವು ಕಕ್ಕಸು ತೊಳೀತಿರ್ತೀವಿ."

"ನಾವು ಅಂದ್ರೆ ಯಾರ್ಯಾರು?"

"ನಾನು, ಮಾನಸ, ಅವಳ ತಂಗಿ."

ಮೂವರೂ ಕಾಲೋನಿಯವರು. ಹಿಂದಿನ ವರ್ಷದ ಸ್ವಚ್ಛತಾ ಮಂತ್ರಿ ಮಾನಸಳ ಅಕ್ಕ. ಅವಳು ಒಂಬತ್ತರಲ್ಲಿ ಫೇಲಾಗಿ ಶಾಲೆ ಬಿಟ್ಟು ಈಗ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ.

"ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?"

"ನೀನು ಊರಿಗೆಲ್ಲ ಸಿಹಿ ಹಂಚ್ಬಿಟ್ಟಿದ್ದೆ."

ಮುನಿಗಂಗಮ್ಮ ಜಗಳಕ್ಕೆಂದೇ ಸೆರಗು ಬಿಗಿದು ಶಾಲೆಗೆ ಹೋದಳು. ಹೆಡ್‌ಮಾಸ್ತರ ಆದಿನಾರಾಯಣಪ್ಪ ಕುರ್ಚಿ ಎಳೆದು, "ಕೂತ್ಕೊಳಮ್ಮ" ಎಂದರು. ಟೀ ತರಿಸಿದರು.

"ಜಾತಿ ಗೀತಿ ಇಲ್ಲಿಲ್ಲಮ್ಮ. ಯಾವುದೋ ಕಂಪನಿಯೋರು ಕಕ್ಕಸು ಕಟ್ಸಿಕೊಟ್ರು, ತೊಳೆಯೋ ಆಳಿಗೆ ಯಾರೂ ಕಾಸು ಕೊಡಲಿಲ್ಲ. ನಿನ್ನ ಮಗಳು ಅಚ್ಚುಕಟ್ಟು, ಹೇಳಿದ್ದು ಮಾಡ್ತಾಳೆ. ಅದಕ್ಕೇ ಮಂತ್ರಿ ಮಾಡಿದ್ದು."

"ಅಷ್ಟು ಅಚ್ಚುಕಟ್ಟಾದ್ರೆ ದೊಡ್ಡೋರು ಬಂದಾಗ ಹೂ ಕೊಡಕ್ಕೂ ನಿಲ್ಲಿಸಿ ಸಾ."

"ಅದು ಫೋಟೋ ವಿಷಯಮ್ಮ. ಒಸಿ ಬೆಳ್ಳಗಿರೋ ಮಕ್ಕಳಾದ್ರೆ ಎದ್ದು ಕಾಣ್ತವೆ. ತಪ್ಪು ತಿಳ್ಕೋಬೇಡ."

ಟೀ ಕುಡಿದು ಎದ್ದು ಬಂದಳು. ಅವರು ಬೈದಿದ್ದರೆ ಇವಳೂ ಬೈಯುತ್ತಿದ್ದಳು. ಹೊರಗೆ ನಿಲ್ಲಿಸಿದ್ದರೆ ನಮ್ಮ ದಲಿತ ಸಂಘದವರನ್ನು ಕರೆಸುತ್ತಿದ್ದಳು. ನಾವೂ ಧಿಕ್ಕಾರ ಕೂಗಲು ಕಲಿತದ್ದು ಕುರ್ಚಿ ಕೊಡದವರ ಮುಂದೆ. ಕೊಟ್ಟವರ ಮುಂದೆ ಏನು ಕೂಗಬೇಕು? ಮಾರನೆಯ ದಿನ ಟೆಂಪೋದಲ್ಲಿ ಅವಳಿಗೆ ಇನ್ನೊಂದು ತೊಡಕು ಕಾಣಿಸಿತು. ತಾನು ಹೊಟ್ಟೆಪಾಡಿಗೆ ಮಾಡುವುದೂ ಇದೇ ಕೆಲಸ. ಮಗಳು ಮಾಡಿದರೆ ಯಾಕಿಷ್ಟು ಉರಿಯಬೇಕು? ಪಕ್ಕದವಳನ್ನು ಕೇಳಿದಳು. "ಸುಮ್ಕಿರಕ್ಕ, ಎಸೆಲ್ಸಿ ಆಗ್ಲಿ, ಇಲ್ಲೇ ಸೇರಿಸಿದ್ರಾಯ್ತು" ಎಂದಳು ಅವಳು. ಉರಿ ಇನ್ನೂ ಹೆಚ್ಚಾಯಿತು.

ಕೆಲಸಕ್ಕೆ ವಾರದ ರಜೆ ಇದ್ದ ದಿನ ಅವಳು ಶಾಲೆಗೆ ಹೋಗಿ ಮೂರು ಹುಡುಗಿಯರನ್ನೂ ಅವರವರ ಕ್ಲಾಸಿಗೆ ದಬ್ಬಿದಳು. ಹುಡುಗಿಯರ ಕಕ್ಕಸಿಗೆ ಬೀಗ ಜಡಿದು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ತೊಳೆಯಲು ಆಳು ಬರಲಿ, ಇಲ್ಲವೇ ಎಲ್ಲ ಮಕ್ಕಳಿಗೂ ಸರದಿ ಹಾಕಲಿ, ಆಮೇಲೆ ಕೊಡುತ್ತೇನೆಂದು ಹೇಳಿಕಳಿಸಿದಳು.

ಮೂರು ದಿನ ಯಾರೂ ಬರಲಿಲ್ಲ. ಹುಡುಗರು ಎಂದಿನಂತೆ ಬೇಲಿಗೆ ಹೋದರು. ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟರು. ನಾಲ್ಕನೆಯ ದಿನ ಅಮ್ಮಯಮ್ಮ ಕಾಲೋನಿಗೆ, ಮುನಿಗಂಗಮ್ಮನ ಬಾಗಿಲಿಗೇ ಬಂದು ನಿಂತಳು.

"ಏನೇ ಮುನಿಗಂಗಿ, ನನ್ನ ಮಗಳು ಹೊಟ್ಟೆ ಹಿಡ್ಕಂಡು ಮಲಗವ್ಳೆ. ಆ ಮಗು ನಿನಗೇನು ಮಾಡಿತ್ತೇ?"

"ಏನೂ ಮಾಡಿಲ್ಲ ಕಣಕ್ಕ. ಒಂದ್ ವಾರ ಬಕೆಟ್ಟು ಹಿಡೀಲಿ, ನಾಳೇನೇ ತೆಗೀತೀನಿ."

"ನಮ್ಮುಡುಗಿ?" ಎಂದಳು ಅಮ್ಮಯಮ್ಮ. ನವ್ಯಶ್ರೀಯ ಹೊಟ್ಟೆನೋವು ನಿಜ, ಅದು ಮುನಿಗಂಗಮ್ಮನಿಗೂ ಗೊತ್ತು. ಅಮ್ಮಯಮ್ಮ ಹೊರಟುಹೋದಳು.

ಒಳಗೆ ಕೀರ್ತನ ಲೆಕ್ಕದ ಪುಸ್ತಕ ತೆರೆದಿದ್ದಳು. "ಕ್ಲಾಸಲ್ಲಿ ಯಾರೂ ನಮ್ಮನ್ನ ಮಾತಾಡಿಸ್ತಿಲ್ಲಮ್ಮ. ಬೀಗದ ಕೈ ಕೊಟ್ಬಿಡ್ಲಾ?"

"ಲೆಕ್ಕ ಅರ್ಥ ಆಗ್ತಾ ಇದ್ಯಾ?"

"ಈಗೀಗ ಆಗ್ತಿದೆ."

ಮುನಿಗಂಗಮ್ಮ ಸೊಂಟದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡಳು. ಕೊಟ್ಟರೆ ತನ್ನ ಮಗಳ ಲೆಕ್ಕ ಹೋಯಿತು. ಕೊಡದಿದ್ದರೆ ಎಲ್ಲ ಹೆಣ್ಣುಮಕ್ಕಳ ಹೊಟ್ಟೆ. ಈ ಗಂಟನ್ನು ಕಟ್ಟಿದವಳು ಅವಳಲ್ಲ. ಬಿಚ್ಚುವ ಕೆಲಸ ಮಾತ್ರ ಅವಳ ತಲೆಗೇ ಬಂತು.

ನನಗೂ ಉತ್ತರ ಗೊತ್ತಿಲ್ಲ. ಓದಿ ಮರುಗುವವರು ಬೇಕಾದಷ್ಟು ಜನ ಇದ್ದಾರೆ, ನೀವು ಮರುಗಬೇಡಿ. ನಾಳೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ನಿಮ್ಮೂರ ಶಾಲೆಯ ಹಿಂದಕ್ಕೆ ಹೋಗಿ. ಬಕೆಟ್ಟು ಹಿಡಿದ ಹುಡುಗಿ ಯಾವ ಬೀದಿಯವಳೆಂದು ಕೇಳಿ. ಅವಳನ್ನು ಕ್ಲಾಸಿಗೆ ಕಳಿಸಿ. ಬಕೆಟ್ಟು ಹಿಡಿಯಲು ನಿಮ್ಮ ಮಗಳನ್ನು, ಮಗನನ್ನೂ, ಸರದಿಗೆ ಬರೆಸಿ. ಬರೆಸುತ್ತೀರೋ ಇಲ್ಲವೋ, ಅಷ್ಟು ಹೇಳಿ.