ಬೀಗರಿಗೆ ಬೈಯೋದು ಹೆಂಗ?

ಕಳೆದ ವಾರ ರಾಮದುರ್ಗಕ್ಕೆ ಇಂಟರ್‌ವ್ಯೂಗೆ ಹೋಗಿದ್ದೆ. ನೌಕರಿ ಸಿಕ್ಕಿತು. ಐದೇ ನಿಮಿಷದಲ್ಲಿ ಹೋಯಿತು. ಉಳಿದದ್ದು ಒಂದು ಟವೆಲ್ಲು, ಒಂದು ತೆಂಗಿನಕಾಯಿ.

(ಅಂಕಣ ಬರೆದರೆ ಹೊಟ್ಟೆ ತುಂಬುತ್ತದೆ ಅಂದುಕೊಂಡಿದ್ದೀರಾ? ಇದೊಳ್ಳೇ ಕತೆ!)

ನೌಕರಿ ತುರ್ತಾಗಿ ಬೇಕಿತ್ತು. ಬೈಲಹೊಂಗಲದಲ್ಲಿ ಹೆಣ್ಣು ನೋಡಿ ಬಂದಿದ್ದೇವೆ. ಹುಡುಗಿ ನನಗೆ ಬಹಳ ಹಿಡಿಸಿದ್ದಾಳೆ. ಅವರಪ್ಪನದು ಒಂದೇ ಹಟ: "ಮೊದಲ ನೌಕರಿ ಹಿಡೀರಿ, ಆಮ್ಯಾಲೆ ಮುಂದಿನ ಮಾತು."

ಟ್ರ್ಯಾಕ್ಟರ್ ಶೋರೂಮು, ಸೇಲ್ಸ್‌ಮನ್ ಕೆಲಸ. ಮ್ಯಾನೇಜರ್ ಮೀಸೆಯ ದೊಡ್ಡ ಆಳು. ಕೂತ್ಕೋ ಎನ್ನಲೂ ಇಲ್ಲ. "ಹಳ್ಳಿ ಹಳ್ಳಿ ಅಡ್ಡಾಡ್ತಿ? ಬಿಸಲಾಗ ಗಾಡಿ ಹೊಡೀತಿ?" ಎಲ್ಲದಕ್ಕೂ "ಹೌದ್ರಿ ಸರ್" ಎಂದೆ.

"ಹಂಗಾರ ಸೋಮವಾರದಿಂದ ಬಾ. ತಡಾ ಮಾಡಿದಿ ಅಂದ್ರ ಒದ್ದು ಹೊರಗ ಹಾಕ್ತೇನಿ" ಅಂದ.

ನಮಸ್ಕಾರ ಹೊಡೆದು ಬರಬೇಕೋ ಬೇಡವೋ? ನನ್ನ ಬಾಯಿ ಸುಮ್ಮನಿರಬೇಕಲ್ಲ! ಒಂದಿಷ್ಟು ವಶೀಲಿ ಹಚ್ಚಿದರೆ ಪಗಾರ ಏರೀತು ಎಂಬ ಆಸೆ. "ಸರ್, ನೀವು ಕಟಕೋಳದವರಂತಲ್ರೀ? ನಮ್ಮ ಅತ್ತಿಗಿ ತವರಮನಿನೂ ಅಲ್ಲೇ ಐತ್ರಿ" ಎಂದು ಮನೆತನದ ಹೆಸರು ಹೇಳಿದೆ.

ಆಸಾಮಿ ದಡಕ್ಕನೆ ಎದ್ದು ನಿಂತ. "ಅಯ್ಯ ಶಿವನ! ಅಕಿ ನಮ್ಮ ಕಾಕಾನ ಮಗಳು. ಅಂದ್ರ ನೀವು ಬೀಗರಾದ್ರಿ! ಕುಂಡ್ರಿ, ಕುಂಡ್ರಿ. ಯಾರ್ ಅದೀರಿ ಅಲ್ಲಿ? ಬೀಗರಿಗೆ ಚಾ ತರ್ರಿ, ಕಪ್ಪು-ಬಸಿ ತೊಳದು!"

ತಮ್ಮ ಕುರ್ಚಿಯನ್ನೇ ನನಗೆ ಬಿಟ್ಟುಕೊಟ್ಟರು. (ಈಗ ನಾನೂ 'ಅವರು' ಎನ್ನಬೇಕಲ್ಲ.) ಚೂಡಾ ಬಂತು, ಬಾಳೆಹಣ್ಣು ಬಂತು, ಚಹಾ ಬಂತು. ಪಗಾರ ಏರಿಯೇ ಬಿಟ್ಟಿತು ಎಂಬ ಹುಮ್ಮಸ್ಸಿನಲ್ಲಿ ಕೇಳಿದೆ: "ಸೋಮವಾರ ಎಷ್ಟಕ್ಕ ಬರ್ಲಿರಿ?"

"ಛೇ ಛೇ, ಇನ್ನೆಲ್ಲಿ ನೌಕರಿರಿ! ನಮ್ಮ ಹುಡುಗಿ ನಿಮ್ಮ ಮನಿಯಾಗ ಅದಾಳ. ನಾಳಿ ನಾ ನಿಮಗ ಬೈದ್ರ ಅಕಿಗೆ ತ್ರಾಸ. ಬೈಲಿಲ್ಲಂದ್ರ ಟ್ರ್ಯಾಕ್ಟರ್ ಮಾರಾಟ ಆಗೂದಿಲ್ಲ. ಹೆಂಗ ಮಾಡೂದು, ನೀವ ಹೇಳ್ರಿ?"

"ಬೈರಿ ಸರ್, ದಿನಾ ಬೈರಿ!" ಎಂದು ಗೋಗರೆದೆ. ಅವರು ಕೆನ್ನೆ ಕೆನ್ನೆ ಬಡಿದುಕೊಂಡರು. ನನ್ನ ಹೆಗಲಿಗೆ ಟವೆಲ್ಲು ಹಾಕಿ, ಕೈಯಲ್ಲಿ ಕಾಯಿ ಇಟ್ಟು, ಬಸ್ ಸ್ಟ್ಯಾಂಡಿನವರೆಗೂ ಬಂದು, ಕಿಟಕಿಯ ಸೀಟು ಹಿಡಿದು ಕೂರಿಸಿ ಟಾಟಾ ಮಾಡಿದರು.

ಮನೆಯಲ್ಲಿ ಅತ್ತಿಗೆ ಟವೆಲ್ಲು ಮುಟ್ಟಿ ಮುಟ್ಟಿ ಹಿಗ್ಗಿದರು. "ನಮ್ಮ ಅಣ್ಣ ಅಂದ್ರ ಅಣ್ಣ! ಮರ್ಯಾದಿಗೆ ಒಂಚೂರೂ ಕಡಿಮಿ ಮಾಡಿಲ್ಲ ನೋಡ್ರಿ."

ಮುಂದಿನ ಇಂಟರ್‌ವ್ಯೂ ಸವದತ್ತಿಯಲ್ಲಿ. ಅಲ್ಲಿಯ ಮ್ಯಾನೇಜರ್ ಚಚಡಿಯವರಂತೆ. ನಮ್ಮವ್ವನ ತವರೂ ಚಚಡಿಯೇ.

ಓದುಗ ದೇವರುಗಳೇ, ನಮಗೆ ಏನೇನೂ ಆಗಬೇಕಿಲ್ಲದ ಮ್ಯಾನೇಜರ್ ಒಬ್ಬನಾದರೂ ಈ ಸೀಮೆಯಲ್ಲಿ ಇದ್ದಾನೆಯೇ?