ಗೋಡೆಗೆ ಒರಗಿಸಿದ್ದ ಸೌದೆ

ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆ ಹೊರಡುವ ಬೆಳಗಿನ ಬಸ್ಸು ಅರ್ಧ ಗಂಟೆ ತಡವಾಗಿ ಬಂತು. ಟಿಕೆಟ್ಟಿಗೆ ಒಂದೂವರೆ ರೂಪಾಯಿ ಎಂದು ನನ್ನ ದಿನಚರಿ ಹೇಳುತ್ತದೆ. ಎರಡು ಕೊಟ್ಟ ಹಾಗೆ ನನಗೆ ನೆನಪು. ನನ್ನ ನೆನಪು ಸಾಮಾನ್ಯವಾಗಿ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅದಕ್ಕೇ ಎಂಬತ್ತರ ದಶಕದ ಆ ಬೇಸಿಗೆಯ ಪ್ರಯಾಣವನ್ನು ದಿನಚರಿ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಅದಕ್ಕೆ ಎರಡು ವರ್ಷ ಹಿಂದೆ, ಹಳ್ಳಿಗಳ ಒಲೆಯಲ್ಲಿ ಏನು ಉರಿಯುತ್ತದೆ ಎಂಬ ಸಮೀಕ್ಷೆಗೆ ವಿಶ್ವವಿದ್ಯಾಲಯ ನನ್ನನ್ನು ಈ ಕಡೆಗೆ ಕಳಿಸಿತ್ತು. ಈ ರಸ್ತೆಯ ಒಂದು ಊರಿನಲ್ಲಿ ಮನೆಮನೆಯ ಗೋಡೆಗೂ ಹುಣಸೆ ಸೌದೆ ಒರಗಿಸಿದ್ದನ್ನು ಕಂಡು, ಊರೊಟ್ಟಿನ ತೋಪು ಕೆಲವೇ ವರ್ಷಗಳಲ್ಲಿ ಒಲೆಗೆ ಹೋಗಿ ಮುಗಿಯುತ್ತದೆ ಎಂದು ಬರೆದಿದ್ದೆ. ಹಳೆಯ ಮರಗಳನ್ನು ಹರಾಜು ಹಾಕಿ, ಬೇಗ ಬೆಳೆಯುವ ನೀಲಗಿರಿ ನೆಟ್ಟರೆ ಉರುವಲಿನ ಕಷ್ಟ ತೀರುತ್ತದೆ ಎಂಬ ಸಲಹೆಯೂ ನನ್ನದೇ. ಈಗ ಆ ಸಸಿಗಳನ್ನು ನೋಡುವ ಆಸೆಯಿಂದ ಆ ಊರಿನಲ್ಲಿ ಇಳಿದೆ.

ಸಸಿ ಇರಲಿಲ್ಲ. ಗರಗಸದ ಸದ್ದಿತ್ತು. ತೋಪಿನ ಅರ್ಧ ಬಯಲಾಗಿತ್ತು. ಕೆರೆಯ ಕಡೆಗೆ ಕೆಲವು ಹುಣಸೆ, ಒಂದು ಸಾಲು ಹೊಂಗೆ ಮಾತ್ರ ನಿಂತಿದ್ದವು. ಹೊಂಗೆಯ ನೆರಳಲ್ಲಿ ಇಬ್ಬರು ಹೆಂಗಸರು ಕಾಯಿ ಆರಿಸುತ್ತಿದ್ದರು. ಒಬ್ಬಾಕೆ ನನ್ನನ್ನು ನೋಡಿ, "ಆ ಸಾರು ಈಯನೇನಾ?" ಎಂದು ತೆಲುಗಿನಲ್ಲಿ ಕೇಳಿದಳು.

"ಇವ್ರೇ. ಬರ್ಕೊಂಡು ಹೋದ ಮಹಾನುಭಾವ," ಎಂದು ಎದ್ದವಳು ನಾರಾಯಣಮ್ಮ. ಈ ಹೊಂಗೆಕಾಯಿ ಒಡೆದು, ಬೀಜ ಗಾಣಕ್ಕೆ ಹಾಕಿ ಬದುಕುವ ಹೆಂಗಸು. ಹಿಂದೆ ಬಂದಾಗ ಆಕೆಯ ಮನೆಯ ಜಗುಲಿಯಲ್ಲೇ ಕೂತು ಕಾಫಿ ಕುಡಿದಿದ್ದೆ.

"ನೀವೆಲ್ಲ ಸೌದೆ ಉರಿಸ್ತೀವಿ ಅಂತ ಹೇಳಿದ್ರಲ್ಲಮ್ಮ," ಎಂದೆ.

"ಹೇಳ್ದೆ. ಇನ್ನೇನ್ ಹೇಳ್ಲಿ? ಬೆಂಗಳೂರಿಂದ ಬಂದೋರ ಮುಂದೆ ರೇಷ್ಮೆಹುಳ ತಿಂದ್ ಬಿಟ್ಟ ಹಿಪ್ಪುನೇರಳೆ ಕಡ್ಡೀಲಿ ಮುದ್ದೆ ಬೇಯಿಸ್ತೀವಿ ಅಂತ ಹೇಳ್ಕೊಳ್ಳಾಕ್ ಆಯ್ತದಾ? ಹೆಣ್ಣು ನೋಡಾಕ್ ಬರೋರಿಗೂ ನಾವು ಸೌದೇನೇ ತೋರ್ಸೋದು."

"ಮತ್ತೆ ಗೋಡೆಗಿದ್ದ ಸೌದೆ?"

"ಅದು ಮದುವೆಗೆ ಅಂತ ಇಟ್ಟಿರೋದು ಸಾಮಿ! ಗಾಳಿಗೆ ಬಿದ್ದ ಕೊಂಬೆ. ಈಗಲೂ ಅಲ್ಲೇ ಅದೆ, ಗೆದ್ದಲು ತಿಂತಾ ಅದೆ. ಒಳಗ್ ಬಂದು ಒಲೆ ನೋಡಿದ್ರೆ ಗೊತ್ತಾಗ್ತಿತ್ತು."

ಇನ್ನೊಬ್ಬಾಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾರಾಯಣಮ್ಮ ನಗಲಿಲ್ಲ. "ಹೊಂಗೆ ಕಡಿಯಾಕೆ ನಾಳಿದ್ದು ಬತ್ತಾರಂತೆ. ಬರ್ದೋರು ನೀವು, ಅಳಿಸೋರೂ ನೀವೇ. ಈಗ್ಲೇ ಹೋಗಿ," ಎಂದಳು.

ಮುಂದಿನ ಬಸ್ಸಿಗೆ ಶ್ರೀನಿವಾಸಪುರಕ್ಕೆ ಹೋದೆ. ಮಾವಿನ ತೋಟಗಳ ನಡುವಿನ ದಾರಿ. ಆದರೂ ಕಿಟಕಿಯಿಂದ ಬರುತ್ತಿದ್ದದ್ದು ಬಿಸಿಗಾಳಿಯೇ. ನನ್ನ ವರದಿ ನಂಬಿ ತೋಪನ್ನು ಹರಾಜು ಹಾಕಿದ್ದ ಅರಣ್ಯ ಕಚೇರಿಯಲ್ಲಿ ಸಾಹೇಬರಿರಲಿಲ್ಲ. ಗುಮಾಸ್ತರು ಸಮಾಧಾನವಾಗಿ ಎಲ್ಲ ಕೇಳಿ, ಒಂದು ಬಿಳಿ ಹಾಳೆ ಮುಂದಿಟ್ಟರು.

"ಒಂದು ಸಾಲು ಸಾಕು ಸಾರ್. 'ಒಲೆ ನೋಡದೆ ಬರೆದೆ' ಅಂತ. ಸಂಜೆ ಸಾಹೇಬರು ಬರ್ತಾರೆ, ನಾಳೆ ಕೆಲಸ ನಿಲ್ತದೆ. ಆಮೇಲೆ ಮಿಕ್ಕ ಊರುಗಳಲ್ಲಿ ಒಲೆ ನೋಡಿದ್ರಾ ಅಂತ ನಿಮ್ಮನ್ನ ಕೇಳ್ತಾರೆ, ಅಷ್ಟೇ."

ಮಿಕ್ಕ ಊರುಗಳಲ್ಲೂ ನಾನು ಜಗುಲಿ ದಾಟಿರಲಿಲ್ಲ. ನನ್ನದು ತಾತ್ಕಾಲಿಕ ಕೆಲಸ. ಅದನ್ನು ಮುಂದುವರಿಸುವ ವಿಚಾರ ಆ ತಿಂಗಳಲ್ಲೇ ತೀರ್ಮಾನವಾಗಬೇಕಿತ್ತು. "ನಮ್ಮ ಪ್ರೊಫೆಸರನ್ನು ಕೇಳಿ ಟಪಾಲಿನಲ್ಲಿ ಕಳಿಸುತ್ತೇನೆ," ಎಂದೆ.

"ಟಪಾಲು ಬರೋವರ್ಗೂ ಮರ ಕಾಯ್ತದಾ ಸಾರ್?" ಎಂದು ಅವರು ಹಾಳೆಯನ್ನು ಮತ್ತೆ ಡ್ರಾಯರಿಗೆ ಹಾಕಿದರು. ಅವರ ದನಿಯಲ್ಲಿ ವ್ಯಂಗ್ಯವಿತ್ತೇ? ಇತ್ತು ಎಂದುಕೊಂಡರೆ ಅವರ ಮೇಲೆ ಕೋಪ ಮಾಡಿಕೊಳ್ಳಬಹುದು. ಬಹುಶಃ ಇರಲಿಲ್ಲ.

ಬೆಂಗಳೂರಿಗೆ ಮರಳಲು ಬಸ್ಸು ಸಿಗದೆ, ಚಹಾದಂಗಡಿಯ ಮುಂದೆ ನಿಂತಿದ್ದ ಲಾರಿ ಹತ್ತಿದೆ. ಮಾಲೂರಿನ ಹೆಂಚಿನ ಕಾರ್ಖಾನೆಗೆ ಹೋಗುವ ಹುಣಸೆ ದಿಮ್ಮಿಗಳಿದ್ದವು. ಹಸಿ ಮರದ ವಾಸನೆ. ಯಾವ ತೋಪಿನದೆಂದು ಕೇಳುವ ಅಗತ್ಯವಿರಲಿಲ್ಲ, ಬೆಳಿಗ್ಗೆ ನನ್ನನ್ನು ಅಲ್ಲಿ ಕಂಡಿದ್ದ ಡ್ರೈವರೇ ಹೇಳಿದ. ಏರು ಬಂದಾಗಲೆಲ್ಲ ಲಾರಿ ಹಿಂದೆ ಕಪ್ಪು ಹೊಗೆ ಉಗುಳುತ್ತಿತ್ತು. "ಡೀಸೆಲ್ ಸುಟ್ಟು ಸೌದೆ ಸಾಗ್ಸೋದು, ಸೌದೆ ಸುಟ್ಟು ಹೆಂಚು ಮಾಡೋದು. ಹೆಂಚನ್ನ ಹೊರೋಕೆ ಮತ್ತೆ ಡೀಸೆಲ್ಲು. ನಾವು ಸತ್ರೆ ಸುಡೋಕೇನೂ ಉಳ್ಸಲ್ಲ ಸಾರ್," ಎಂದು ನಕ್ಕ. ಕೋಲಾರದಲ್ಲಿ ನಿಲ್ಲಿಸಿ ಇಬ್ಬರೂ ಮುದ್ದೆ, ಹುರುಳಿ ಸಾರು ಉಂಡೆವು. ನನಗೆ ಚೆನ್ನಾಗಿ ಹಸಿದಿತ್ತು. ಅದನ್ನೂ ಬರೆಯಬೇಕು.

ಮಾಲೂರು ತಲುಪಿದಾಗ ಇನ್ನೂ ಬಿಸಿಲಿತ್ತು. ಹೆಂಚು ಸುಡುವ ಗೂಡಿನ ಬಾಯಲ್ಲಿ ಬೆಂಕಿ ನೋಡಿಕೊಳ್ಳುವವನು ದಿಮ್ಮಿಗಳನ್ನು ತಟ್ಟಿ ನೋಡಿದ. "ಭೇಷಾದ ಮಾಲು. ಇಂಥ ಹುಣಸೆ ಯಾವೂರಲ್ಲಿ ಉಳ್ದಿತ್ತಯ್ಯಾ?"

"ಈ ಸಾರನ್ನ ಕೇಳು, ಅಲ್ಲಿಂದ್ಲೇ ಬಂದೋರು," ಎಂದ ಡ್ರೈವರ್.

"ನಾನು ದಾರಿಯಲ್ಲಿ ಹತ್ತಿದವನು. ನನಗೆ ಗೊತ್ತಿಲ್ಲ," ಎಂದೆ.

ಡ್ರೈವರ್ ನನ್ನ ಮುಖ ನೋಡಿ, ಹಗ್ಗ ಬಿಚ್ಚತೊಡಗಿದ. ನಾನು ಸ್ಟೇಷನ್ನಿಗೆ ನಡೆದು ಬೆಂಗಳೂರಿನ ರೈಲು ಹಿಡಿದೆ. ಗಾಡಿ ಹೊರಟಾಗ ಗೂಡುಗಳ ಹೊಗೆ ಊರಿನ ಮೇಲೆ ಚಪ್ಪಟೆಯಾಗಿ ನಿಂತಿತ್ತು.

ಆ ಒಂದು ಸಾಲನ್ನು ನಾನು ಬರೆದು ಕಳಿಸಿದೆ, ಕೆಲಸ ಮುಂದುವರಿದ ಆದೇಶ ಕೈಗೆ ಬಂದ ಮೇಲೆ. ಗುಮಾಸ್ತರು ಕಾರ್ಡಿನಲ್ಲಿ ಉತ್ತರಿಸಿದರು: ತಮ್ಮ ಪತ್ರ ತಲುಪಿದೆ, ಹೊಂಗೆ ಇದ್ದ ಜಾಗದಲ್ಲಿ ನೀಲಗಿರಿ ಚೆನ್ನಾಗಿ ಬೇರು ಹಿಡಿದಿದೆ.